ಬಾಣಂತಿಯ ಕಾಲಿನಿಂದ ಶ್ವಾಸಕೋಶದವರೆಗೆ

ಕಳೆದ ಮಳೆಗಾಲದ ಒಂದು ಸಂಜೆ ಅಲ್ಲಾಳಸಂದ್ರದ ನನ್ನ ಕ್ಲಿನಿಕ್ಕಿಗೆ ದೇವನಹಳ್ಳಿ ಕಡೆಯ ಹಳ್ಳಿಯೊಂದರಿಂದ ಅಜ್ಜಿಯೊಬ್ಬರು ಮೊಮ್ಮಗಳನ್ನೂ ಅವಳ ಕೂಸನ್ನೂ ಕರೆತಂದಿದ್ದರು. ಬಂದದ್ದು ಕೂಸಿಗಾಗಿ. ಹುಟ್ಟಿ ಹನ್ನೆರಡು ದಿನ, ರಾತ್ರಿಯೆಲ್ಲ ಅಳುತ್ತದೆ ಎಂಬ ದೂರು. ಪರೀಕ್ಷಿಸಿ ನೋಡಿದೆ. ಹೊಟ್ಟೆ ಮೃದುವಾಗಿತ್ತು, ಹಾಲು ಕುಡಿಯುತ್ತಿತ್ತು, ತೂಕವೂ ಸರಿಯಾಗಿತ್ತು. ಹೆದರಬೇಕಾದದ್ದು ಏನೂ ಇಲ್ಲವೆಂದು ಹೇಳಿ ಕಳಿಸುವುದರಲ್ಲಿದ್ದೆ. ಆಗ ಬಾಣಂತಿ ಹುಡುಗಿ ಗೋಡೆ ಹಿಡಿದು ಎದ್ದಳು. ಎಡಗಾಲು ಊರಲು ಹಿಂಜರಿಯುತ್ತಿದ್ದಳು.

"ಕಾಲಿಗೆ ಏನಾಗಿದೆಯಮ್ಮ?" ಎಂದೆ.

ಹುಡುಗಿ ಬಾಯಿ ತೆರೆಯುವ ಮೊದಲೇ ಅಜ್ಜಿ ಉತ್ತರ ಕೊಟ್ಟರು. "ಏನೂ ಇಲ್ಲ ಕಣಪ್ಪ. ಬಾಣಂತಿ ಮೈಯಲ್ವಾ, ನಂಜಿಗೆ ಊದ್ಕೊಂಡೈತೆ. ದಿನಾ ಎಣ್ಣೆ ಹಾಕಿ ನೀವ್ತಾ ಇದೀನಿ, ಇಳಿದುಹೋಗ್ತದೆ."

ಟೇಪು ತಂದು ಎರಡೂ ಮೀನಖಂಡಗಳ ಸುತ್ತಳತೆ ತೆಗೆದೆ. ಎಡಗಾಲಿನದು ಬಲಗಾಲಿನದಕ್ಕಿಂತ ನಾಲ್ಕು ಸೆಂಟಿಮೀಟರ್ ಹೆಚ್ಚು. ಮುಟ್ಟಿದರೆ ಬಿಸಿ, ಒತ್ತಿದರೆ ನೋವು. ಸಿಸೇರಿಯನ್ ಆಗಿತ್ತು. ಮನೆಗೆ ಬಂದಂದಿನಿಂದ ಬಚ್ಚಲಿಗೆ ಬಿಟ್ಟರೆ ಮಂಚ ಬಿಟ್ಟು ಇಳಿದಿರಲಿಲ್ಲ. ನೀರು ದಿನಕ್ಕೆ ಎರಡು ಲೋಟ, ಅದೂ ಬಿಸಿನೀರು. ಇನ್ನೇನಾದರೂ ತೊಂದರೆ ಉಂಟೇ ಎಂದು ಕೇಳಿದಾಗ ಹುಡುಗಿ ಮೆಲ್ಲಗೆ, "ಎರಡು ದಿನದಿಂದ ನಾಲ್ಕು ಹೆಜ್ಜೆ ಇಟ್ರೆ ಉಸಿರು ಕಟ್ಟಿದಂಗಾಗ್ತದೆ ಸಾರ್. ನಿಶ್ಶಕ್ತಿ ಇರಬೇಕು ಅಂದ್ರು" ಎಂದಳು. ಅವಳ ನಾಡಿ ನಿಮಿಷಕ್ಕೆ ನೂರಿಪ್ಪತ್ತನ್ನು ದಾಟಿತ್ತು.

ಅಂದು ರಾತ್ರಿಯೇ ಅವಳನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಡಾಪ್ಲರ್ ಪರೀಕ್ಷೆಯಲ್ಲಿ ತೊಡೆಯ ಒಳರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವುದು ಕಂಡಿತು. ಎದೆಯ ಸಿ.ಟಿ. ಸ್ಕ್ಯಾನಿನಲ್ಲಿ ಬಲ ಶ್ವಾಸಕೋಶದ ರಕ್ತನಾಳಗಳಲ್ಲೂ ಅದೇ ಹೆಪ್ಪಿನ ಚೂರುಗಳು. ಸಕಾಲದಲ್ಲಿ ಚಿಕಿತ್ಸೆ ಸಿಕ್ಕಿತು, ಹುಡುಗಿ ಬದುಕಿಕೊಂಡಳು. ವಾರದ ನಂತರ ಅಜ್ಜಿ ಒಬ್ಬರೇ ಬಂದು ನನ್ನನ್ನು ಕೇಳಿದ ಪ್ರಶ್ನೆ ಇದು: "ಕಾಲು ಊದಿದ್ದಕ್ಕೆ ಎದೆ ಫೋಟೋ ಯಾಕಪ್ಪ ತೆಗೆದ್ರು? ಕಾಲೆಲ್ಲಿ, ಎದೆಯೆಲ್ಲಿ?"

ಕಾಲೇಜು ಓದಿದವರೂ ಕೇಳದ ಒಳ್ಳೆಯ ಪ್ರಶ್ನೆ. ಉತ್ತರ ಹೇಳಬೇಕಾದರೆ ರಕ್ತ ಶ್ವಾಸಕೋಶಗಳ ಮೂಲಕ ಹೇಗೆ ಹರಿಯುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ಒಂದಲ್ಲ, ಎರಡು ಪಂಪು

ಶಾಲೆಯಲ್ಲಿ ನಾವೆಲ್ಲರೂ ಹೃದಯದ ಚಿತ್ರ ಬರೆದವರೇ. ನಾಲ್ಕು ಕೋಣೆ, ಅರ್ಧಕ್ಕೆ ನೀಲಿ ಬಣ್ಣ, ಅರ್ಧಕ್ಕೆ ಕೆಂಪು. ಚಿತ್ರಕ್ಕೆ ಅಂಕ ಬಂತು, ಅರ್ಥ ಅಲ್ಲಿಯೇ ಉಳಿಯಿತು. ಹೃದಯವೆಂದರೆ ಒಂದು ಪಂಪು ಎಂದೇ ಬಹಳ ಜನ ತಿಳಿದಿದ್ದಾರೆ. ನಿಜವಾಗಿ ಅದು ಒಂದೇ ಗೋಡೆಗೆ ಅಂಟಿಕೊಂಡ ಎರಡು ಪಂಪು. ಎಡಗಡೆಯದು ರಕ್ತವನ್ನು ತಲೆಯಿಂದ ಕಾಲಿನವರೆಗೆ ಇಡೀ ಮೈಗೆ ಕಳಿಸುತ್ತದೆ. ಬಲಗಡೆಯದಕ್ಕೆ ಇರುವುದು ಒಂದೇ ಕೆಲಸ. ಮೈಯೆಲ್ಲ ಸುತ್ತಿ ಆಮ್ಲಜನಕ ಕಳೆದುಕೊಂಡು ಬಂದ ರಕ್ತವನ್ನು ಶ್ವಾಸಕೋಶಗಳಿಗೆ ತಳ್ಳುವುದು. ಅಲ್ಲಿ ಗಾಳಿ ಪಡೆದು ಕೆಂಪಾದ ರಕ್ತ ಹೃದಯದ ಎಡಭಾಗಕ್ಕೆ ಬರುತ್ತದೆ, ಮತ್ತೆ ಮೈಗೆ ಹೋಗುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹೃದಯ ಕಳಿಸುವ ರಕ್ತದಲ್ಲಿ ಮೂತ್ರಪಿಂಡಗಳಿಗೆ ಸಿಗುವುದು ಸುಮಾರು ಐದನೆಯ ಒಂದು ಪಾಲು. ಮೆದುಳಿಗೆ ಅದಕ್ಕೂ ಸ್ವಲ್ಪ ಕಡಿಮೆ. ಶ್ವಾಸಕೋಶಗಳಿಗೆ ಹಾಗಲ್ಲ, ಪ್ರತಿಯೊಂದು ಸುತ್ತಿನಲ್ಲೂ ಇಡೀ ರಕ್ತ ಅವುಗಳ ಮೂಲಕವೇ ಹೋಗಬೇಕು. ವಿಶ್ರಾಂತಿಯಲ್ಲಿರುವ ದೊಡ್ಡವರಲ್ಲಿ ನಿಮಿಷಕ್ಕೆ ಸುಮಾರು ಐದು ಲೀಟರ್. ನಮ್ಮ ಮೈಯಲ್ಲಿ ಇರುವ ರಕ್ತವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ನಿಮ್ಮ ಕಾಲಿನ ಹೆಬ್ಬೆರಳಿನಲ್ಲಿ ಈಗ ಇರುವ ರಕ್ತ ಇನ್ನೊಂದು ನಿಮಿಷದ ಆಸುಪಾಸಿನಲ್ಲಿ ನಿಮ್ಮ ಎದೆಯೊಳಗೆ ಇರುತ್ತದೆ. "ಕಾಲೆಲ್ಲಿ, ಎದೆಯೆಲ್ಲಿ" ಎಂದರೆ, ಅಷ್ಟೇ ದೂರ.

ಶ್ವಾಸಕೋಶದೊಳಗೆ ಗಾಳಿಯ ಪುಟ್ಟ ಪುಟ್ಟ ಗೂಡುಗಳಿವೆ, ಮೂವತ್ತು ಕೋಟಿಗೂ ಮೇಲ್ಪಟ್ಟು. ಅವನ್ನೆಲ್ಲ ಬಿಡಿಸಿ ಹರಡಿದರೆ ಸುಮಾರು ಎಪ್ಪತ್ತು ಚದರ ಮೀಟರ್ ಆದೀತು. ನಮ್ಮ ಬೆಂಗಳೂರಿನ ಲೆಕ್ಕದಲ್ಲಿ ಹೇಳುವುದಾದರೆ ಒಂದು ಇಪ್ಪತ್ತು-ನಲವತ್ತರ ಸೈಟು! ಈ ಗೂಡುಗಳ ಗೋಡೆಗೆ ಕೂದಲಿಗಿಂತ ಎಷ್ಟೋ ಪಾಲು ಸಣ್ಣದಾದ ಲೋಮನಾಳಗಳ ಬಲೆ ಹೆಣೆದುಕೊಂಡಿದೆ. ಯಾವುದೇ ಕ್ಷಣದಲ್ಲಿ ಆ ಬಲೆಯೊಳಗೆ ಇರುವ ರಕ್ತ ಎಪ್ಪತ್ತರಿಂದ ನೂರು ಮಿಲಿಲೀಟರ್. ಹೋಟೆಲಿನ ಬೈ-ಟು ಕಾಫಿಯಷ್ಟು ರಕ್ತವನ್ನು ಇಡೀ ಸೈಟಿನ ಮೇಲೆ ತೆಳ್ಳಗೆ ಬಳಿದಂತೆ. ಒಂದು ಕೆಂಪು ರಕ್ತಕಣ ಅಲ್ಲಿ ಇರುವುದು ಒಂದು ಸೆಕೆಂಡಿಗೂ ಕಡಿಮೆ ಹೊತ್ತು. ಅಷ್ಟರಲ್ಲಿ ಅದು ಇಂಗಾಲದ ಡೈ ಆಕ್ಸೈಡನ್ನು ಬಿಟ್ಟು ಆಮ್ಲಜನಕ ತುಂಬಿಕೊಂಡು ಹೊರಟುಹೋಗುತ್ತದೆ.

ಇಷ್ಟು ನಾಜೂಕಾದ ಬಲೆಗೆ ಜೋರಾಗಿ ರಕ್ತ ನುಗ್ಗಿಸುವಂತಿಲ್ಲ. ಆದ್ದರಿಂದ ಈ ಭಾಗದ ರಕ್ತದೊತ್ತಡವೂ ಕಡಿಮೆ. ತೋಳಿಗೆ ಪಟ್ಟಿ ಸುತ್ತಿ ನಾವು ನೋಡುವ ಬಿ.ಪಿ. 120/80 ಇದ್ದರೆ ಶ್ವಾಸಕೋಶದ ಅಪಧಮನಿಯಲ್ಲಿ ಸುಮಾರು 25/10. ಅದಕ್ಕೆ ತಕ್ಕಂತೆ ಹೃದಯದ ಬಲ ಕೋಣೆಯ ಗೋಡೆ ಎಡಗಡೆಯದಕ್ಕಿಂತ ತುಂಬ ತೆಳು. ಹಗುರ ಹೊರೆ ಹೊತ್ತು ಅಭ್ಯಾಸವಾದ ಪಂಪು ಅದು. ಭಾರ ದಿಢೀರನೆ ಏರಿದರೆ ತಡೆದುಕೊಳ್ಳಲಾರದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ಕೆರೆಗಳ ಉದಾಹರಣೆ

ಅಲ್ಲಾಳಸಂದ್ರ ಕೆರೆಯ ಏರಿಯ ಮೇಲೆ ಬೆಳಿಗ್ಗೆ ವಾಕಿಂಗ್ ಬರುವ ಗೆಳೆಯರಿಗೆ ನಾನು ಇದನ್ನು ವಿವರಿಸುವುದು ಹೀಗೆ. ಇಲ್ಲಿಯ ಕೆರೆ ಕೋಡಿ ಬಿದ್ದರೆ ನೀರು ಜಕ್ಕೂರು ಕೆರೆಯ ಕಡೆಗೆ ಹೋಗುತ್ತದೆ, ಅಲ್ಲಿಂದ ರಾಚೇನಹಳ್ಳಿಗೆ. ಹಿಂದಿನವರು ಕಟ್ಟಿದ ಸರಣಿ. ಮೇಲೆ ಯಾರೋ ಕಾಲುವೆಗೆ ಎಸೆದ ಕಸದ ಗಂಟು ಕಾಲುವೆ ಅಗಲವಾಗಿರುವಷ್ಟು ದೂರವೂ ಸರಾಗವಾಗಿ ತೇಲುತ್ತದೆ. ಎಲ್ಲಿ ಕಬ್ಬಿಣದ ಜಾಲರಿ ಇದೆಯೋ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಕಸ ಹಾಕಿದವರ ಮನೆಯ ಮುಂದೆ ಏನೂ ಕಾಣುವುದಿಲ್ಲ, ನೀರು ಕಟ್ಟಿ ನಿಲ್ಲುವುದು ಕೆಳಗಿನವರ ಬಳಿ.

ಕಾಲಿನ ರಕ್ತನಾಳಗಳೂ ಹಾಗೆಯೇ. ಮೀನಖಂಡದಿಂದ ಮೇಲಕ್ಕೆ ಹೋದಂತೆ ಅಭಿಧಮನಿಗಳು ಒಂದಕ್ಕೊಂದು ಕೂಡಿ ಅಗಲವಾಗುತ್ತಾ ಹೋಗುತ್ತವೆ. ತೊಡೆ, ಕಿಬ್ಬೊಟ್ಟೆ, ಹೊಟ್ಟೆಯ ಮಹಾ ಅಭಿಧಮನಿ, ಹೃದಯದ ಬಲ ಕೋಣೆಗಳು. ಕಾಲಿನಲ್ಲಿ ಕಟ್ಟಿದ ಹೆಪ್ಪು ಕಿತ್ತು ಬಂದರೆ ಈ ದಾರಿಯಲ್ಲಿ ಅದನ್ನು ತಡೆಯುವವರು ಯಾರೂ ಇಲ್ಲ. ಹೃದಯವನ್ನೂ ದಾಟಿಬಿಡುತ್ತದೆ. ದಾರಿ ಮತ್ತೆ ಕಿರಿದಾಗುವುದು ಶ್ವಾಸಕೋಶದಲ್ಲಿ. ಅದೇ ಮೊದಲ ಜಾಲರಿ.

ಸಣ್ಣಪುಟ್ಟ ಹೆಪ್ಪಿನ ಚೂರುಗಳನ್ನು ಶ್ವಾಸಕೋಶವೇ ಸೋಸಿ ಕರಗಿಸಿಬಿಡುತ್ತದೆ, ನಮಗೆ ತಿಳಿಯುವುದೂ ಇಲ್ಲ. ಮಧ್ಯಮ ಗಾತ್ರದ್ದು ಬಂದು ಕುಳಿತರೆ ಆ ಭಾಗಕ್ಕೆ ಗಾಳಿ ಬರುತ್ತದೆ, ರಕ್ತ ಬರುವುದಿಲ್ಲ. ಎಷ್ಟು ಉಸಿರೆಳೆದರೂ ಸಾಲದು ಎನ್ನಿಸುವುದು ಇದರಿಂದ. ದೊಡ್ಡ ಹೆಪ್ಪು ಬಂದು ಮುಖ್ಯ ನಾಳವನ್ನೇ ಮುಚ್ಚಿದರೆ? ಹೃದಯದ ಬಲ ಕೋಣೆಯ ತೆಳು ಗೋಡೆಯ ಮಾತು ಹೇಳಿದೆನಲ್ಲ, ಅದು ಒಮ್ಮೆಗೇ ಉಬ್ಬಿ ಸೋತುಹೋಗುತ್ತದೆ. ಎಡ ಕೋಣೆಗೆ ರಕ್ತವೇ ಬರುವುದಿಲ್ಲ. ಬಿ.ಪಿ. ಇಳಿದು ಮನುಷ್ಯ ಕುಸಿಯುತ್ತಾನೆ. ಕೆಲವು ನಿಮಿಷಗಳಲ್ಲಿ ಎಲ್ಲವೂ ಮುಗಿದುಹೋಗಬಹುದು. ಬಂಧುಗಳು "ಹಾರ್ಟ್ ಅಟ್ಯಾಕ್" ಎಂದು ಹೇಳಿಕೊಂಡು ಮಣ್ಣು ಮಾಡುತ್ತಾರೆ. ಆದರೆ ಹೃದಯದಲ್ಲಿ ಯಾವ ರೋಗವೂ ಇರಲಿಲ್ಲ.

ರಕ್ತ ಶ್ವಾಸಕೋಶದ ಮೂಲಕ ಹಾದುಹೋಗುತ್ತದೆ ಎಂಬುದು ಹದಿಮೂರನೆಯ ಶತಮಾನದಷ್ಟು ಹಿಂದೆಯೇ ಒಬ್ಬ ವೈದ್ಯನಿಗೆ ಹೊಳೆದಿತ್ತು. ಡಮಾಸ್ಕಸ್‌ನಲ್ಲಿ ಓದಿ ಕೈರೋದಲ್ಲಿ ನೆಲೆಸಿದ ಇಬ್ನ್ ಅಲ್ ನಫೀಸ್. ಹೃದಯದ ನಡುಗೋಡೆಯಲ್ಲಿ ಕಣ್ಣಿಗೆ ಕಾಣದ ತೂತುಗಳಿವೆ ಎಂದು ಗ್ರೀಕರ ಗೇಲನ್ ಹೇಳಿದ್ದನ್ನು ಸಾವಿರ ವರ್ಷ ಎಲ್ಲರೂ ನಂಬಿದ್ದರು. ಇಲ್ಲ, ಅಲ್ಲಿ ತೂತಿಲ್ಲ, ರಕ್ತ ಶ್ವಾಸಕೋಶ ಸುತ್ತಿಯೇ ಎಡಕ್ಕೆ ಬರಬೇಕು ಎಂದು ಆತ ಬರೆದ. ಯೂರೋಪಿನಲ್ಲಿ ಇದನ್ನೇ ಬರೆದ ಮಿಗುಯೆಲ್ ಸರ್ವೆಟಸ್‌ನನ್ನು 1553ರಲ್ಲಿ ಜಿನೀವಾದಲ್ಲಿ ಜೀವಂತ ಸುಟ್ಟರು, ಅವನ ಧರ್ಮವಿಚಾರಗಳಿಗಾಗಿ. 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ ಇಡೀ ದೇಹದ ರಕ್ತ ಪರಿಚಲನೆಯನ್ನು ಸಾಧಿಸಿ ತೋರಿಸಿದ. 1661ರಲ್ಲಿ ಇಟಲಿಯ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಲೋಮನಾಳಗಳನ್ನು ಕಣ್ಣಾರೆ ಕಂಡ. ಶ್ವಾಸಕೋಶದಲ್ಲಿ ಸಿಗುವ ಹೆಪ್ಪು ಅಲ್ಲಿಯೇ ಹುಟ್ಟಿದ್ದಲ್ಲ, ಕಾಲಿನಿಂದ ಬಂದದ್ದು ಎಂದು ತೋರಿಸಿದವನು ಹತ್ತೊಂಬತ್ತನೆಯ ಶತಮಾನದ ಜರ್ಮನಿಯ ರುಡಾಲ್ಫ್ ವಿರ್ಖೋ. ಒಟ್ಟಿನಲ್ಲಿ ಅಜ್ಜಿಯ ಪ್ರಶ್ನೆಗೆ ಉತ್ತರ ಸಿಗಲು ವೈದ್ಯಲೋಕಕ್ಕೇ ಆರುನೂರು ವರ್ಷ ಹಿಡಿಯಿತು. ಅಜ್ಜಿಯನ್ನು ದೂರಿ ಫಲವಿಲ್ಲ.

ನಾನು ಮಾಡಿದ ತಪ್ಪು

ದೂರುವುದಾದರೆ ಮೊದಲು ನನ್ನನ್ನೇ ದೂರಿಕೊಳ್ಳಬೇಕು. ಎಂ.ಬಿ.ಬಿ.ಎಸ್. ಮುಗಿಸಿ ಪ್ರಾಕ್ಟೀಸು ಶುರುಮಾಡಿದ ಹೊಸತು, ಇಪ್ಪತ್ತು ವರ್ಷಗಳ ಹಿಂದಿನ ಮಾತು. ಸ್ಕೂಟರಿನಿಂದ ಬಿದ್ದು ಮೊಣಕಾಲಿನ ಕೆಳಗೆ ಮೂಳೆ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡಿದ್ದ ನಲವತ್ತೈದರ ಗೃಹಸ್ಥರೊಬ್ಬರು ಮನೆಗೆ ಬಂದು ನೋಡಲು ಹೇಳಿ ಕಳಿಸಿದರು. ಮೂರು ವಾರದಿಂದ ಮಲಗಿದಲ್ಲೇ ಇದ್ದರು. ಉಸಿರೆಳೆದಾಗ ಪಕ್ಕೆಯಲ್ಲಿ ಚುಚ್ಚುತ್ತದೆ, ಸ್ವಲ್ಪ ದಮ್ಮು ಎಂದರು. ಸ್ಟೆತೊಸ್ಕೋಪ್ ಇಟ್ಟೆ, ಶ್ವಾಸಕೋಶ ಸ್ವಚ್ಛವಾಗಿ ಕೇಳಿಸಿತು. ಮಲಗಿ ಮಲಗಿ ಗ್ಯಾಸು ಎಂದು ಮಾತ್ರೆ ಬರೆದುಕೊಟ್ಟು ಬಂದೆ. ಪ್ಲಾಸ್ಟರಿನೊಳಗಿನ ಕಾಲಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಬಚ್ಚಲುಮನೆಗೆ ಹೋದವರು ಅಲ್ಲಿಯೇ ಕುಸಿದರು. ಆಸ್ಪತ್ರೆ ಮುಟ್ಟಲಿಲ್ಲ.

ಅವರ ಮನೆಯವರು ನನ್ನನ್ನು ಏನೂ ಅನ್ನಲಿಲ್ಲ. ಅದೇ ಹೆಚ್ಚು ನೋಯಿಸಿತು. ಈ ಕಾಯಿಲೆಯ ಮೋಸವೇ ಇದು. ಸ್ಟೆತೊಸ್ಕೋಪಿಗೆ ಏನೂ ಸಿಗದಿರಬಹುದು, ಎದೆಯ ಎಕ್ಸ್-ರೇ ಚೆನ್ನಾಗಿಯೇ ಕಾಣಬಹುದು, ಇ.ಸಿ.ಜಿ.ಯಲ್ಲಿ ನಾಡಿ ಜೋರಾಗಿದೆ ಎಂಬುದರ ಹೊರತು ಬೇರೇನೂ ಇಲ್ಲದಿರಬಹುದು. ಅನುಮಾನ ಪಟ್ಟವನಿಗೆ ಮಾತ್ರ ಅದು ಸಿಕ್ಕುತ್ತದೆ. ಅನುಮಾನ ಪಡಬೇಕಾದರೆ ಕಾಲನ್ನು ನೋಡಬೇಕು. ಇಂದಿಗೂ ಉಬ್ಬಸವೆಂದು ಬಂದವರ ಚಪ್ಪಲಿ, ಸಾಕ್ಸು ಬಿಚ್ಚಿಸುತ್ತೇನೆ. ಕೆಲವರು ಈ ಡಾಕ್ಟರಿಗೆ ಏನಾಗಿದೆ ಎಂಬಂತೆ ನೋಡುತ್ತಾರೆ, ನೋಡಲಿ.

ಬಾಣಂತನವೆಂಬ ಮಂಚದ ಶಿಕ್ಷೆ

ರಕ್ತ ಹೆಪ್ಪುಗಟ್ಟುವುದಕ್ಕೆ ಕಾರಣಗಳು ಮುಖ್ಯವಾಗಿ ಮೂರು. ರಕ್ತ ಹರಿಯದೆ ನಿಲ್ಲುವುದು, ರಕ್ತನಾಳಕ್ಕೆ ಪೆಟ್ಟಾಗುವುದು, ರಕ್ತವೇ ಗಟ್ಟಿಯಾಗುವ ಗುಣ ಪಡೆಯುವುದು. ಬಾಣಂತಿಯಲ್ಲಿ ಈ ಮೂರೂ ಒಟ್ಟಿಗೆ ಸೇರುತ್ತವೆ. ಹೆರಿಗೆಯಲ್ಲಿ ರಕ್ತಸ್ರಾವವಾಗಿ ತಾಯಿ ಸಾಯಬಾರದೆಂದು ಪ್ರಕೃತಿಯೇ ಗರ್ಭಿಣಿಯ ರಕ್ತಕ್ಕೆ ಬೇಗ ಹೆಪ್ಪುಗಟ್ಟುವ ಗುಣವನ್ನು ಕೊಡುತ್ತದೆ. ಹೆರಿಗೆಯಾದ ಮೇಲೂ ಆರು ವಾರ ಈ ಗುಣದ ಅಪಾಯ ಹೋಗುವುದಿಲ್ಲ, ಮೊದಲ ವಾರಗಳಲ್ಲೇ ಹೆಚ್ಚು. ಗರ್ಭಕೋಶದ ಭಾರಕ್ಕೆ ಕಿಬ್ಬೊಟ್ಟೆಯ ಅಭಿಧಮನಿಗಳು ಒತ್ತಿಹೋಗಿರುತ್ತವೆ, ಎಡಗಾಲಿನದು ಹೆಚ್ಚಾಗಿ. ಸಿಸೇರಿಯನ್ ಆಗಿದ್ದರೆ ಶಸ್ತ್ರಚಿಕಿತ್ಸೆಯ ಪೆಟ್ಟೂ ಸೇರಿತು.

ಇದರ ಮೇಲೆ ನಾವು ಏನು ಮಾಡುತ್ತೇವೆ? ಅವಳನ್ನು ಮಂಚದಲ್ಲಿ ಮಲಗಿಸಿ ಏಳಬೇಡವೆನ್ನುತ್ತೇವೆ. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎಂದು ಲೋಟದ ಲೆಕ್ಕ ಇಡುತ್ತೇವೆ. ಬೆವರು ಸುರಿಯುವಂತೆ ಬಿಸಿನೀರು ಹೊಯ್ದು, ಕಂಬಳಿ ಹೊದೆಸಿ, ಅಗ್ಗಿಷ್ಟಿಕೆ ಇಡುತ್ತೇವೆ. ಹಾಲಿನ ರೂಪದಲ್ಲಿ ಮಗು ಬೇರೆ ಅವಳ ಮೈಯ ನೀರನ್ನು ಎಳೆಯುತ್ತಿದೆ. ನೀರು ಬತ್ತಿದ ರಕ್ತ ಮಂದವಾಗದೆ ಇನ್ನೇನಾದೀತು?

ಬಾಣಂತನವನ್ನೇ ನಾನು ಹಳಿಯುತ್ತಿದ್ದೇನೆಂದು ತಿಳಿಯಬಾರದು. ಮೂರು ತಿಂಗಳು ಹೆಣ್ಣುಮಗಳಿಗೆ ಒಲೆ, ಬಟ್ಟೆ, ನೀರು ಹೊರುವ ಕೆಲಸದಿಂದ ಬಿಡುವು ಕೊಡುವ ಈ ಪದ್ಧತಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ತವರಿನ ತುಪ್ಪ, ಮೆಂತ್ಯ, ತಾಯಿಯ ಕೈಯ ಊಟ, ಇವೆಲ್ಲ ಇರಲಿ. ಆದರೆ ಬಿಡುವು ಎಂದರೆ ಮಲಗಿರುವುದು ಎಂದಲ್ಲ. ಮನೆಯೊಳಗೆ, ಹಜಾರದಲ್ಲಿ, ಮಗುವನ್ನು ಎತ್ತಿಕೊಂಡು ಅತ್ತಿತ್ತ ನಡೆದಾಡಲಿ. ಬಾಯಾರಿದಷ್ಟು ನೀರು ಕುಡಿಯಲಿ. ಬಿಸಿನೀರೇ ಬೇಕೆಂದರೆ ಬಿಸಿನೀರೇ ಕೊಡಿ, ಲೆಕ್ಕ ಮಾತ್ರ ಬೇಡ. ಮೀನಖಂಡದ ಸ್ನಾಯುಗಳು ಪ್ರತಿ ಹೆಜ್ಜೆಗೂ ಕಾಲಿನ ರಕ್ತವನ್ನು ಮೇಲಕ್ಕೆ ಹಿಂಡಿ ಕಳಿಸುತ್ತವೆ. ಒಮ್ಮೆ ಮೇಲೇರಿದ್ದು ಕೆಳಗಿಳಿಯದಂತೆ ಅಭಿಧಮನಿಯೊಳಗೆ ಪುಟ್ಟ ಕವಾಟಗಳಿವೆ. ಕಾಲಿನ ಈ ಪಂಪನ್ನು ಎರಡನೆಯ ಹೃದಯ ಎನ್ನುತ್ತಾರೆ. ಮಲಗಿಸಿಟ್ಟರೆ ಅದು ನಿಂತುಹೋಗುತ್ತದೆ.

ಇನ್ನು ಎಣ್ಣೆ ನೀವುವ ವಿಷಯ. ಎರಡೂ ಕಾಲು ಸಮನಾಗಿದ್ದು, ನೋವಿಲ್ಲದಿದ್ದರೆ ಹದವಾಗಿ ಎಣ್ಣೆ ಹಚ್ಚಿ, ಬೇಡವೆನ್ನುವುದಿಲ್ಲ. ಒಂದೇ ಕಾಲು ಊದಿ, ನೋಯುತ್ತಿದ್ದರೆ ಮಾತ್ರ ಕೈ ಇಡಬೇಡಿ. ನಾಳದ ಗೋಡೆಗೆ ಅಂಟಿಕೊಂಡಿರುವ ಹೆಪ್ಪನ್ನು ನಾವೇ ಹಿಸುಕಿ ಬಿಡಿಸಿ ಎದೆಗೆ ಕಳಿಸಿಕೊಟ್ಟಂತಾಗಬಹುದು. ಅಜ್ಜಿಗೆ ಇದನ್ನು ಹೇಳಿದಾಗ ಅವರು ಬಹಳ ಹೊತ್ತು ತಮ್ಮ ಅಂಗೈಗಳನ್ನೇ ನೋಡಿಕೊಂಡು ಕುಳಿತಿದ್ದರು. ನಿಮಗೆ ಯಾರೂ ಹೇಳಿರಲಿಲ್ಲ ಅಮ್ಮ, ನಿಮ್ಮ ತಪ್ಪಲ್ಲ ಎಂದು ಸಮಾಧಾನ ಮಾಡಿದೆ.

ಇದೇ ಹೆಪ್ಪು ಮೆದುಳಿನ ಅಭಿಧಮನಿಗಳಲ್ಲಿ ಕಟ್ಟಿದರೆ ಬಾಣಂತಿಗೆ ವಿಪರೀತ ತಲೆನೋವು, ಫಿಟ್ಸ್, ಕೈಕಾಲು ಸ್ವಾಧೀನ ತಪ್ಪುವುದು ಉಂಟಾಗುತ್ತದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ಇಂಥ ಬಾಣಂತಿಯರನ್ನು ನೋಡಿ, ಅಭ್ಯಾಸ ಮಾಡಿ ದಶಕಗಳಿಂದ ಬರೆಯುತ್ತಾ ಬಂದಿದ್ದಾರೆ. ಹಳ್ಳಿಗಳಲ್ಲಿ ಇದಕ್ಕೆ ಬಾಣಂತಿ ಸನ್ನಿ ಎನ್ನುತ್ತಿದ್ದರು, ದೇವರು ಮೈಮೇಲೆ ಬಂತು, ದೆವ್ವ ಹಿಡಿಯಿತು ಎಂದದ್ದೂ ಉಂಟು.

ಇಲ್ಲಿ ಒಂದು ವಿಚಿತ್ರ ನೋಡಿ. ಹೊಟ್ಟೆಯಲ್ಲಿರುವ ಮಗುವಿಗೆ ಶ್ವಾಸಕೋಶದಿಂದ ಕೆಲಸವಿಲ್ಲ, ಆಮ್ಲಜನಕ ತಾಯಿಯಿಂದ ಹೊಕ್ಕುಳ ಬಳ್ಳಿಯ ಮೂಲಕ ಬರುತ್ತದೆ. ಆದ್ದರಿಂದ ಅದರ ರಕ್ತದ ಬಹುಪಾಲು ಶ್ವಾಸಕೋಶವನ್ನು ಬಿಟ್ಟು ಹೃದಯದ ಒಳಕಿಂಡಿಯೊಂದರ ಮೂಲಕವೂ, ಒಂದು ಅಡ್ಡನಾಳದ ಮೂಲಕವೂ ಹಾದುಹೋಗುತ್ತದೆ. ಹುಟ್ಟಿ ಮೊದಲ ಸಲ ಅತ್ತಾಗಲೇ ಶ್ವಾಸಕೋಶ ಅರಳಿ ರಕ್ತ ಅಲ್ಲಿಗೆ ನುಗ್ಗುವುದು. ಆಮೇಲೆ ಕಿಂಡಿ, ಅಡ್ಡನಾಳ ಎರಡೂ ಮುಚ್ಚಿಕೊಳ್ಳುತ್ತವೆ. ಆ ಅಳುವಿಗಾಗಿ ಹೆರಿಗೆ ಕೋಣೆಯಲ್ಲಿ ಎಲ್ಲರೂ ಕಿವಿಗೊಟ್ಟು ನಿಂತಿರುತ್ತಾರೆ. ಮಗುವಿನ ಶ್ವಾಸಕೋಶಕ್ಕೆ ರಕ್ತ ಹೊಕ್ಕ ಆ ದಿನಗಳಲ್ಲೇ ತಾಯಿಯ ಶ್ವಾಸಕೋಶಕ್ಕೆ ಅತ್ಯಂತ ಅಪಾಯ. ಆ ಕಡೆಗೆ ಕಿವಿಗೊಡುವವರು ಕಡಿಮೆ.

ಟೆನಿಸ್ ಆಟಗಾರ್ತಿ ಸೆರೆನಾ ವಿಲಿಯಮ್ಸ್ ಹೆಸರನ್ನು ಕೇಳಿದ್ದೀರಿ. ಆಕೆಗೆ 2011ರಲ್ಲಿ ಒಮ್ಮೆ ಶ್ವಾಸಕೋಶದಲ್ಲಿ ಹೆಪ್ಪು ಕಂಡಿತ್ತು. 2017ರ ಸೆಪ್ಟೆಂಬರ್ ಒಂದರಂದು ಸಿಸೇರಿಯನ್ ಮೂಲಕ ಮಗುವಾಯಿತು. ಮರುದಿನ ಉಸಿರು ಕಟ್ಟತೊಡಗಿದಾಗ ಆಕೆಗೆ ತಕ್ಷಣ ಸಂಶಯ ಬಂತು. ಸಿ.ಟಿ. ಸ್ಕ್ಯಾನ್ ಮಾಡಿ, ಹೆಪ್ಪು ಬೆಳೆಯದಂತೆ ತಡೆಯುವ ಔಷಧಿ ಕೊಡಿ ಎಂದು ತಾನೇ ಕೇಳಿದಳು. ನೋವಿನ ಔಷಧಿಯಿಂದ ಗೊಂದಲಗೊಂಡಿರಬೇಕು ಎಂದುಕೊಂಡರಂತೆ. ಮೊದಲು ಕಾಲಿನ ಪರೀಕ್ಷೆ ಮಾಡಿದರು, ಏನೂ ಕಾಣಲಿಲ್ಲ. ಆಕೆ ಬಿಡಲಿಲ್ಲ. ಕೊನೆಗೆ ಸಿ.ಟಿ. ಮಾಡಿದಾಗ ಶ್ವಾಸಕೋಶದಲ್ಲಿ ಹೆಪ್ಪುಗಳಿದ್ದವು. ಜಗತ್ತಿನ ಅತ್ಯಂತ ಬಲಿಷ್ಠ ಆಟಗಾರ್ತಿ, ಹಣ, ಹೆಸರು ಎಲ್ಲ ಇದ್ದವಳೇ ತನ್ನ ಮಾತನ್ನು ನಂಬಿಸಲು ಇಷ್ಟು ಪ್ರಯಾಸ ಪಡಬೇಕಾಯಿತು. "ನಿಶ್ಶಕ್ತಿ ಇರಬೇಕು ಅಂದ್ರು" ಎಂದು ತಲೆ ತಗ್ಗಿಸಿ ಕುಳಿತ ನಮ್ಮ ಹುಡುಗಿಯ ಗತಿಯೇನು?

ಆದ್ದರಿಂದ ಆಸ್ಪತ್ರೆಯವರಲ್ಲಿ ನನ್ನದೊಂದು ತಕರಾರಿದೆ. ಸಿಸೇರಿಯನ್ ಆದವರಿಗೆ, ಮೂಳೆ ಮುರಿದವರಿಗೆ, ಮಂಡಿ-ಸೊಂಟದ ಶಸ್ತ್ರಚಿಕಿತ್ಸೆಯಾದವರಿಗೆ ಮನೆಗೆ ಕಳಿಸುವಾಗ ನಾಲ್ಕು ಪುಟದ ಡಿಸ್ಚಾರ್ಜ್ ಕಾಗದ ಕೊಡುತ್ತೇವೆ, ಎಲ್ಲವೂ ಇಂಗ್ಲಿಷಿನಲ್ಲಿ. ಹೊಲಿಗೆ ಯಾವಾಗ ಬಿಚ್ಚಬೇಕು, ಯಾವ ಮಾತ್ರೆ ಎಷ್ಟು ದಿನ, ಬಿಲ್ಲು ಎಷ್ಟು, ಎಲ್ಲ ಇರುತ್ತದೆ. "ಒಂದು ಕಾಲು ಊದಿದರೆ, ಇದ್ದಕ್ಕಿದ್ದಂತೆ ಉಬ್ಬಸ ಬಂದರೆ ತಕ್ಷಣ ಬನ್ನಿ" ಎಂಬ ಒಂದು ಸಾಲು ಕನ್ನಡದಲ್ಲಿ ಬರೆಯಲು ಯಾವ ಖರ್ಚೂ ಇಲ್ಲ. ಎಷ್ಟು ಕಾಗದಗಳಲ್ಲಿ ಆ ಸಾಲು ಇದೆ? ಈ ಹುಡುಗಿಯ ಕಾಗದದಲ್ಲಿ ಇರಲಿಲ್ಲ. ಅದಿದ್ದಿದ್ದರೆ ಓದಲು ಬರುವ ಮೊಮ್ಮಗಳು ಓದಿ ಅಜ್ಜಿಗೆ ಹೇಳುತ್ತಿದ್ದಳು.

ಅಮೆರಿಕದ ಹಾದಿಯಲ್ಲಿ

ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ಆರಂಭವಾದ ಮೇಲೆ ಬಳ್ಳಾರಿ ರಸ್ತೆಯಲ್ಲಿರುವ ನಮ್ಮಂಥ ವೈದ್ಯರಿಗೆ ಇನ್ನೊಂದು ಬಗೆಯ ರೋಗಿಗಳು ಸಿಗತೊಡಗಿದ್ದಾರೆ. ಮಗಳ ಬಾಣಂತನಕ್ಕೆ, ಮೊಮ್ಮಗನ ನಾಮಕರಣಕ್ಕೆ ಅಮೆರಿಕಕ್ಕೆ ಹೋಗಿ ಬರುವ ಅರವತ್ತು ದಾಟಿದ ತಂದೆತಾಯಿಯರು. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ನೇರ ವಿಮಾನ ಹಾರಿದ್ದನ್ನು, ಅದನ್ನು ಮಹಿಳಾ ಪೈಲಟ್‌ಗಳೇ ನಡೆಸಿದ್ದನ್ನು ಪತ್ರಿಕೆಯಲ್ಲಿ ಓದಿರುತ್ತೀರಿ. ನಡುವೆ ಎಲ್ಲಿಯೂ ಇಳಿಯದೆ ಹದಿನಾರು ಗಂಟೆಗೂ ಮೇಲ್ಪಟ್ಟ ಪ್ರಯಾಣ. ಕಿಟಕಿಯ ಪಕ್ಕ ಕುಳಿತ ನಮ್ಮ ಹಿರಿಯರು ಪಕ್ಕದವರನ್ನು ಎಬ್ಬಿಸಲು ಸಂಕೋಚಪಟ್ಟು, ಶೌಚಾಲಯಕ್ಕೆ ಹೋಗಬೇಕಾದೀತೆಂದು ನೀರೂ ಕುಡಿಯದೆ, ಮೊಣಕಾಲು ಮಡಿಸಿಕೊಂಡೇ ಸಮುದ್ರ ದಾಟುತ್ತಾರೆ.

ಹೆದರಿಸುವುದು ನನ್ನ ಉದ್ದೇಶವಲ್ಲ. ನಾಲ್ಕು ಗಂಟೆ ಮೀರಿದ ಪ್ರಯಾಣದಿಂದ ಹೆಪ್ಪಿನ ಅಪಾಯ ಸುಮಾರು ಎರಡು ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನ 2007ರಲ್ಲಿ ತಿಳಿಸಿತು. ಆದರೂ ಆರೋಗ್ಯವಂತರಲ್ಲಿ ಅದು ಆರು ಸಾವಿರ ಮಂದಿಯಲ್ಲಿ ಒಬ್ಬರಿಗೆ ಎಂದೂ ಅದೇ ವರದಿ ಹೇಳಿತು. ವಿಮಾನ ಮಾತ್ರವಲ್ಲ, ರೈಲು, ಬಸ್ಸು, ಕಾರು ಎಲ್ಲಕ್ಕೂ ಈ ಮಾತು ಅನ್ವಯ. ಬೀದರಿಗೆ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತವರ ಕಾಲಿಗೂ ಅದೇ ನಿಯಮ. ಗಂಟೆಗೊಮ್ಮೆ ಎದ್ದು ಓಡಾಡಿ, ಕುಳಿತಲ್ಲೇ ಪಾದಗಳನ್ನು ಮೇಲೆ ಕೆಳಗೆ ಆಡಿಸಿ, ನೀರು ಕುಡಿಯಿರಿ. ನಿದ್ರೆಮಾತ್ರೆ ನುಂಗಿ ಮುದುಡಿ ಮಲಗಬೇಡಿ. ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಹಿಂದೆ ಒಮ್ಮೆ ಹೆಪ್ಪು ಕಟ್ಟಿದವರು ಟಿಕೆಟ್ ಮಾಡಿಸುವ ಮುನ್ನ ವೈದ್ಯರನ್ನು ಕಾಣಬೇಕು. ಔಷಧಿ ಅಂಗಡಿಯವರನ್ನು ಕೇಳಿ ಆಸ್ಪಿರಿನ್ ನುಂಗುವುದು ಇದಕ್ಕೆ ಪರಿಹಾರವಲ್ಲ.

ಮಾತ್ರೆಯ ಪ್ರಸ್ತಾಪ ಬಂದದ್ದರಿಂದ ಇನ್ನೊಂದು ಮಾತು. ಮದುವೆ, ವ್ರತ, ತಿರುಪತಿ ಯಾತ್ರೆ ಎಂದರೆ ಮುಟ್ಟು ಮುಂದೂಡುವ ಮಾತ್ರೆಯನ್ನು ಅಂಗಡಿಯಿಂದ ತಾವೇ ತಂದು ನುಂಗುವ ಹೆಣ್ಣುಮಕ್ಕಳು ಬಹಳ. ಗರ್ಭನಿರೋಧಕ ಮಾತ್ರೆಗಳಂತೆ ಈ ಹಾರ್ಮೋನುಗಳೂ ಕೆಲವರಲ್ಲಿ ಹೆಪ್ಪಿನ ಅಪಾಯವನ್ನು ಹೆಚ್ಚಿಸಬಲ್ಲವು. ಎಲ್ಲರಿಗೂ ಆಗುವುದಿಲ್ಲ. ಆದರೆ ಯಾರಿಗೆ ಆಗಬಹುದೆಂದು ಅಂಗಡಿಯವನಿಗೆ ಗೊತ್ತಿರುವುದಿಲ್ಲ, ಕೇಳಿ ತಿಳಿಯಲು ವೈದ್ಯರೇ ಬೇಕು.

ಅನುಮಾನ ಬಂದರೆ ಏನು ಮಾಡಬೇಕು? ಒಂದೇ ಕಾಲು ಊದಿ ನೋಯುತ್ತಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ. ಕಾಲಿಗೆ ಮಾಡುವ ಡಾಪ್ಲರ್ ಪರೀಕ್ಷೆ ಗರ್ಭಿಣಿಗೆ ಸ್ಕ್ಯಾನಿಂಗ್ ಮಾಡಿದಷ್ಟೇ ಸುಲಭ, ಸೂಜಿ ಚುಚ್ಚುವುದೂ ಇಲ್ಲ. ಹೆಪ್ಪು ಇದೆಯೆಂದು ಗೊತ್ತಾದರೆ ಅದು ಬೆಳೆಯದಂತೆ ತಡೆಯುವ ಹೆಪಾರಿನ್ ಚುಚ್ಚುಮದ್ದು, ಆಮೇಲೆ ಮಾತ್ರೆ. ಕನಿಷ್ಠ ಮೂರು ತಿಂಗಳು ತೆಗೆದುಕೊಳ್ಳಬೇಕು. ಊತ ಇಳಿಯಿತೆಂದು ನಡುವೆ ಬಿಟ್ಟುಬಿಡುವವರೇ ಮತ್ತೆ ಬಂದು ಮಲಗುವುದು. ಹಾಲೂಡಿಸುವ ತಾಯಂದಿರಿಗೆ ಹೊಂದುವ ಔಷಧಿಗಳೂ ಇವೆ, ಎಲ್ಲ ಮಾತ್ರೆಗಳೂ ಹೊಂದುವುದಿಲ್ಲ. ಆದ್ದರಿಂದ ಎದೆಹಾಲು ಕೊಡುತ್ತಿರುವುದನ್ನು ವೈದ್ಯರಿಗೆ ಮರೆಯದೆ ಹೇಳಬೇಕು. ಔಷಧಿಗೆ ಹೆದರಿ ಹಾಲು ನಿಲ್ಲಿಸಬೇಕಾಗಿಲ್ಲ. ನಮ್ಮ ಹುಡುಗಿ ನಿಲ್ಲಿಸಲಿಲ್ಲ. ರಕ್ತಪರೀಕ್ಷೆಗೆಂದು ಬರುವಾಗಲೆಲ್ಲ ಅಜ್ಜಿಯ ಚೀಲದಲ್ಲಿ ಒಂದು ನೀರಿನ ಬಾಟಲಿ ಇರುತ್ತಿತ್ತು, ಬಿಸಿನೀರಿನದೇ.

ಉಸಿರಿನ ತೊಂದರೆ ಇದ್ದಕ್ಕಿದ್ದಂತೆ ಬಂದರೆ, ಉಸಿರೆಳೆದಾಗ ಎದೆಯ ಪಕ್ಕ ಚುಚ್ಚಿದರೆ, ಕೆಮ್ಮಿನಲ್ಲಿ ರಕ್ತ ಕಂಡರೆ, ಎದ್ದು ನಿಂತಾಗ ತಲೆ ಸುತ್ತಿ ಬಿದ್ದರೆ ಕ್ಲಿನಿಕ್ಕಿನ ಸಾಲಿನಲ್ಲಿ ಕಾಯಬೇಡಿ. 108ಕ್ಕೆ ಫೋನು ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ರೋಗಿಯನ್ನು ನಡೆಸದೆ ಎತ್ತಿಕೊಂಡೇ ಕರೆದೊಯ್ಯಿರಿ. ಅಲ್ಲಿ ಎದುರಿಗೆ ಸಿಗುವ ಮೊದಲ ವೈದ್ಯರಿಗೆ, ಅವರು ಕೇಳಲಿ ಬಿಡಲಿ, ಹೆರಿಗೆಯಾಗಿ ಎಷ್ಟು ದಿನ, ಎಷ್ಟು ದಿನದಿಂದ ಮಲಗಿದ್ದಾರೆ, ಯಾವ ಕಾಲು ಊದಿತ್ತು ಎಂಬ ಮೂರು ಮಾತನ್ನು ಹೇಳಿ.